ಸಾಲ ಕೇಳಲು ಬಂದ ಸಹಾಬಿ: ಹಳೆಯ ಋಣಗಳ ಕುರಿತು ಇತಿಹಾಸದ ಪಾಠ

ಪ್ರವಾದಿ ಮುಹಮ್ಮದ್(ಸ)ರ ಅನುಚರರು ಒಬ್ಬೊಬ್ಬರಾಗಿ ಈ ಲೋಕದಿಂದ ಮರೆಯಾಗುತ್ತಿದ್ದ ಕಾಲವದು. ಮದೀನಾದ ಅನ್ಸಾರ್‌ಗಳ ಪೈಕಿ ಇನ್ನೂ ಉಳಿದಿರುವವರಿಂದ ಜ್ಞಾನವನ್ನು ಪಡೆದುಕೊಳ್ಳಬೇಕೆಂದು ಉಬಾದ ಬಿನ್ ವಲೀದ್ ತಮ್ಮ ತಂದೆಯೊಂದಿಗೆ ಹೊರಟರು. ಅವರಿಗೆ ಮೊದಲು ಭೇಟಿಯಾದವರು ಬದ್ರ್ ಯುದ್ಧದಲ್ಲಿ ಪಾಲ್ಗೊಂಡಿದ್ದ ಅಬುಲ್ ಯಸರ್(ರ). ಜೊತೆಯಲ್ಲಿದ್ದ ಸೇವಕನ ಕೈಯಲ್ಲಿ ಲೆಕ್ಕಪತ್ರಗಳ ಕಟ್ಟು ಇತ್ತು. ಅವರ ಮುಖದಲ್ಲಿ ಸಿಟ್ಟಿನ ಛಾಯೆಯನ್ನು ಕಂಡು ಉಬಾದರ ತಂದೆ ಕಾರಣವೇನೆಂದು ಕೇಳಿದರು. ಅಬುಲ್ ಯಸರ್(ರ) ನಡೆದುದನ್ನು ವಿವರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿರುವ ಈ ಘಟನೆ, ಸಾಲ ಕೊಟ್ಟವನೂ ಪಡೆದವನೂ ಬಾಗಿಲಲ್ಲಿ ಎದುರುಬದುರಾದಾಗ ಹೇಗಿರಬೇಕೆಂಬುದನ್ನು ನಮಗೆ ಕಲಿಸುತ್ತದೆ.

ಒಬ್ಬ ವ್ಯಕ್ತಿ ಅವರಿಗೆ ಹಣ ಕೊಡಬೇಕಾಗಿತ್ತು. ಅಬುಲ್ ಯಸರ್(ರ) ಅವನ ಮನೆಗೆ ಹೋಗಿ ಸಲಾಮ್ ಹೇಳಿ, ಅವನಿದ್ದಾನೆಯೇ ಎಂದು ವಿಚಾರಿಸಿದರು. ಇಲ್ಲವೆಂಬ ಉತ್ತರ ಬಂತು. ಅಷ್ಟರಲ್ಲಿ ಅವನ ಮಗ, ಎಳೆಯ ಹುಡುಗ, ಹೊರಬಂದ. ತಂದೆ ಎಲ್ಲಿ ಎಂದು ಕೇಳಿದಾಗ, ನಿಮ್ಮ ಧ್ವನಿ ಕೇಳಿ ಅಮ್ಮನ ಮಂಚದ ಮರೆಗೆ ಹೋದರು ಎಂದು ಮುಗ್ಧವಾಗಿ ಹೇಳಿಬಿಟ್ಟ. ಅಬುಲ್ ಯಸರ್(ರ) ಹೊರಗಿನಿಂದಲೇ ಅವನನ್ನು ಕರೆದರು. ಅವನು ಬಂದ. ಏಕೆ ಅವಿತೆ ಎಂಬ ಪ್ರಶ್ನೆಗೆ ಅವನು ಸತ್ಯವನ್ನೇ ನುಡಿದ. ತಾವು ಪ್ರವಾದಿಯವರ(ಸ) ಸಂಗಾತಿ. ತಮ್ಮೆದುರು ನಿಂತು ಸುಳ್ಳು ಹೇಳಬೇಕಾದೀತೆಂದೂ, ಮಾತು ಕೊಟ್ಟು ತಪ್ಪಬೇಕಾದೀತೆಂದೂ ಹೆದರಿದೆ. ಅಲ್ಲಾಹನಾಣೆ, ನಾನು ಕಷ್ಟದಲ್ಲಿದ್ದೇನೆ ಎಂದ. ಅಬುಲ್ ಯಸರ್(ರ) ಮತ್ತೆ ಮತ್ತೆ ಆಣೆಯಿಟ್ಟು ಕೇಳಿದರು. ಅವನು ಆಣೆಯಿಟ್ಟೇ ಉತ್ತರಿಸಿದ. ಆಗ ಅವರು ಸಾಲಪತ್ರವನ್ನು ತರಿಸಿ ತಮ್ಮ ಕೈಯಿಂದಲೇ ಅದನ್ನು ಅಳಿಸಿದರು. ಅನುಕೂಲವಾದರೆ ಕೊಡು, ಆಗದಿದ್ದರೆ ನೀನು ಮುಕ್ತ ಎಂದರು. ಕಷ್ಟದಲ್ಲಿರುವ ಸಾಲಗಾರನಿಗೆ ಅವಧಿ ನೀಡುವವರಿಗೆ ಅಥವಾ ಸಾಲ ಬಿಟ್ಟುಕೊಡುವವರಿಗೆ ಅಲ್ಲಾಹನು ತನ್ನ ನೆರಳನ್ನು ಕರುಣಿಸುವನೆಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ತಾವು ಕಿವಿಯಾರೆ ಕೇಳಿರುವುದಾಗಿ ಅವರು ಸಾಕ್ಷಿ ನುಡಿದರು.

ಈ ಘಟನೆಯಲ್ಲಿ ನಾವು ಸಾಮಾನ್ಯವಾಗಿ ಅಬುಲ್ ಯಸರ್‌(ರ)ರ ಔದಾರ್ಯವನ್ನು ಮಾತ್ರ ಕಾಣುತ್ತೇವೆ. ಆದರೆ ಔದಾರ್ಯಕ್ಕೆ ದಾರಿ ತೆರೆದುದು ಸಾಲಗಾರನ ಸತ್ಯ ಎಂಬುದನ್ನು ಮರೆಯಬಾರದು. ಅವನು ಮಂಚದ ಮರೆಯಲ್ಲೇ ಇದ್ದಿದ್ದರೆ ಸಾಲವೂ ಉಳಿಯುತ್ತಿತ್ತು, ಸಿಟ್ಟೂ ಉಳಿಯುತ್ತಿತ್ತು. ಮನೆಯವರು ಅವನಿಗಾಗಿ ಸುಳ್ಳು ಹೇಳುತ್ತಲೇ ಇರಬೇಕಾಗುತ್ತಿತ್ತು. ಹೊರಬಂದು ತನ್ನ ಸ್ಥಿತಿಯನ್ನು ಹೇಳಿಕೊಂಡದ್ದರಿಂದಲೇ ಅವನ ಮನೆಯ ಭಾರ ಇಳಿಯಿತು.

ಸಾಲ ಕೇಳುವವನ ಹಕ್ಕನ್ನು ಇಸ್ಲಾಮ್ ಹಗುರವಾಗಿ ಕಂಡಿಲ್ಲ. ಪ್ರವಾದಿವರ್ಯರು(ಸ) ಒಬ್ಬನಿಗೆ ಒಂದು ಒಂಟೆಯನ್ನು ಕೊಡಬೇಕಾಗಿತ್ತು. ಅವನು ಬಂದು ಒರಟಾಗಿ ಕೇಳಿದ. ಅನುಚರರು ಕೆರಳಿ ಅವನ ಮೇಲೆ ಮುಗಿಬೀಳಲು ಹೊರಟಾಗ ಪ್ರವಾದಿವರ್ಯರು(ಸ) ಅವರನ್ನು ತಡೆದು, ಹಕ್ಕುಳ್ಳವನಿಗೆ ಮಾತನಾಡುವ ಅಧಿಕಾರವಿದೆ ಎಂದರು. ಅವನ ಒಂಟೆಯ ಪ್ರಾಯದ್ದು ಸಿಗದಾದಾಗ ಅದಕ್ಕಿಂತ ಉತ್ತಮವಾದುದನ್ನೇ ಖರೀದಿಸಿ ಕೊಡಿಸಿದರು. ಚೆನ್ನಾಗಿ ಸಾಲ ತೀರಿಸುವವರೇ ಉತ್ತಮರು ಎಂದು ಕಲಿಸಿದರು. ಸಾಮರ್ಥ್ಯವಿದ್ದೂ ಮುಂದೂಡುವುದನ್ನು ಅವರು ಅನ್ಯಾಯವೆಂದೇ ಕರೆದರು. ಅಂದರೆ, ಕೊಡಲಾಗದವನಿಗೆ ಅವಧಿ, ಕೊಡಬಲ್ಲವನಿಗೆ ನೆಪವಿಲ್ಲ.

ಹಳೆಯ ಸಾಲ ಸಾಲಗಾರನ ಮರಣದೊಂದಿಗೂ ಮುಗಿಯುವುದಿಲ್ಲ. ಹಿಜರಿ 36ರಲ್ಲಿ (ಕ್ರಿ.ಶ. 656) ಜಮಲ್ ಯುದ್ಧದ ದಿನ ಝುಬೈರ್ ಬಿನ್ ಅವ್ವಾಮ್(ರ) ತಮ್ಮ ಮಗ ಅಬ್ದುಲ್ಲಾರನ್ನು ಕರೆದು, ತಮ್ಮ ಬಹುದೊಡ್ಡ ಚಿಂತೆ ಸಾಲದ್ದೇ ಎಂದರು. ಆಸ್ತಿಯನ್ನು ಮಾರಿ ತೀರಿಸು, ಸಾಧ್ಯವಾಗದಿದ್ದರೆ ನನ್ನ ಒಡೆಯನ ಸಹಾಯ ಬೇಡು ಎಂದರು. ಒಡೆಯ ಯಾರು ಎಂದು ಮಗ ಕೇಳಿದಾಗ ಬಂದ ಉತ್ತರ: ಅಲ್ಲಾಹ್. ಅವರು ಭೋಗಕ್ಕಾಗಿ ಸಾಲ ಮಾಡಿದವರಲ್ಲ. ಜನರು ಠೇವಣಿಯಿಡಲು ಹಣ ತಂದಾಗ, ಅದು ಕಳೆದುಹೋದರೆ ಅವರಿಗೆ ನಷ್ಟವಾದೀತೆಂದು ಸಾಲವೆಂದೇ ಬರೆಸಿಕೊಳ್ಳುತ್ತಿದ್ದರು. ಮಗ ಲೆಕ್ಕ ಹಾಕಿದಾಗ ಮೊತ್ತ 22 ಲಕ್ಷ!

ಝುಬೈರ್(ರ) 1,70,000ಕ್ಕೆ ಕೊಂಡಿದ್ದ ಗಾಬಾ ಎಂಬ ಭೂಮಿಯನ್ನು ಅಬ್ದುಲ್ಲಾ 16 ಲಕ್ಷಕ್ಕೆ ಮಾರಿದರು. ತಂದೆಯಿಂದ ಬರಬೇಕಾದುದಿದ್ದವರು ಬಂದು ಕಾಣಲಿ ಎಂದು ಸಾರಿದರು. 4 ಲಕ್ಷ ಬರಬೇಕಾಗಿದ್ದ ಅಬ್ದುಲ್ಲಾ ಬಿನ್ ಜಅ್‌ಫರ್(ರ) ಬಿಟ್ಟುಕೊಡಲು ಮುಂದಾದರು, ಮಗ ಒಪ್ಪಲಿಲ್ಲ. ಕೊನೆಗೆ ಕೊಟ್ಟರೆ ಸಾಕು ಎಂದರು, ಅದಕ್ಕೂ ಒಪ್ಪಲಿಲ್ಲ. ಆ ಭೂಮಿಯಲ್ಲೇ ಅವರಿಗೆ ಪಾಲು ಕೊಟ್ಟರು. ಸಾಲವೆಲ್ಲ ತೀರಿ ವಾರೀಸುದಾರರು ತಮ್ಮ ಪಾಲು ಕೇಳಿದಾಗಲೂ ಅವರು ಅವಸರಪಡಲಿಲ್ಲ. ನಾಲ್ಕು ವರ್ಷ ಹಜ್ಜ್ ಕಾಲದಲ್ಲಿ, ಇನ್ನೂ ಯಾರಿಗಾದರೂ ಬಾಕಿಯಿದೆಯೇ ಎಂದು ಘೋಷಿಸಿದರು. ಆ ಬಳಿಕವೇ ಆಸ್ತಿ ಹಂಚಿದರು. ಸಾಲ ಕೊಟ್ಟವರು ಹುಡುಕಿಕೊಂಡು ಬರಲೆಂದು ಅವರು ಕಾಯಲಿಲ್ಲ. ತಾವೇ ಅವರನ್ನು ಹುಡುಕಿದರು.

ನಂತರದ ಕಾಲದ ಕಾನೂನು ಪಂಡಿತರೂ ಈ ಪ್ರಶ್ನೆಯನ್ನು ಎದುರಿಸಿದರು. 1869 ಮತ್ತು 1876ರ ನಡುವೆ ಉಸ್ಮಾನೀ ಆಡಳಿತವು ಹನಫೀ ಫಿಕ್ಹ್‌ನ ಆಧಾರದಲ್ಲಿ ‘ಮಜಲ್ಲ’ ಎಂಬ ನಾಗರಿಕ ಸಂಹಿತೆಯನ್ನು ರೂಪಿಸಿತು. 15 ವರ್ಷ ಕಳೆದ ಸಾಲದ ದಾವೆಯನ್ನು ನ್ಯಾಯಾಲಯ ಆಲಿಸುವುದಿಲ್ಲವೆಂಬ ನಿಯಮ ಅದರಲ್ಲಿತ್ತು. ಆದರೆ ಕಾಲ ಕಳೆದ ಮಾತ್ರಕ್ಕೆ ಹಕ್ಕು ಅಳಿಯುವುದಿಲ್ಲವೆಂದೂ, ಪ್ರತಿವಾದಿ ನ್ಯಾಯಾಲಯದಲ್ಲಿ ತಾನಾಗಿಯೇ ಒಪ್ಪಿಕೊಂಡರೆ ತೀರ್ಪು ಅವನ ವಿರುದ್ಧವೇ ಎಂದೂ ಅದೇ ಸಂಹಿತೆ ಹೇಳಿತು. ನಮ್ಮ ದೇಶದ 1963ರ ಕಾಲಮಿತಿ ಕಾಯಿದೆಯೂ ಹೆಚ್ಚು ಕಡಿಮೆ ಇದೇ ಹಾದಿಯಲ್ಲಿದೆ. ಸಾಮಾನ್ಯ ಸಾಲಕ್ಕೆ 3 ವರ್ಷಗಳ ಬಳಿಕ ದಾವೆಯ ದಾರಿ ಮುಚ್ಚುತ್ತದೆ, ಸಾಲ ಮಾತ್ರ ಇಲ್ಲವಾಗುವುದಿಲ್ಲ. ನ್ಯಾಯಾಲಯದ ಬಾಗಿಲು ಮುಚ್ಚಿದ ಮೇಲೂ ಅಲ್ಲಾಹನ ಮುಂದಿನ ಲೆಕ್ಕ ತೆರೆದೇ ಇರುತ್ತದೆ ಎಂಬುದು ವಿಶ್ವಾಸಿಗೆ ತಿಳಿದಿರಬೇಕು.

ಇಂದು ನಮ್ಮ ಅನೇಕ ಮನೆಗಳ ಬಾಗಿಲಿಗೆ ಬರುವವರು ಅಬುಲ್ ಯಸರ್‌(ರ)ರಂಥವರಲ್ಲ ಎಂಬುದು ನಿಜ. ಮದುವೆಗೋ ಆಸ್ಪತ್ರೆಗೋ ಪಡೆದ ಹಳೆಯ ಸಾಲ ಬಡ್ಡಿಯೊಂದಿಗೆ ಬೆಳೆದು ನಿಂತಿರುತ್ತದೆ. ಮನೆಯ ಹೆಣ್ಣುಮಕ್ಕಳೊಂದಿಗೆ ಏರುದನಿಯಲ್ಲಿ ಮಾತನಾಡುವವರೂ, ನೆರೆಹೊರೆಯವರ ಎದುರು ಮಾನ ಕಳೆಯುವವರೂ ಇದ್ದಾರೆ. ಹಕ್ಕುಳ್ಳವನಿಗೆ ಮಾತಿನ ಅಧಿಕಾರವಿದೆಯೇ ಹೊರತು ಪೀಡಿಸುವ ಅಧಿಕಾರವಿಲ್ಲ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುನ್ನ, ಸಂಜೆ 7ರ ಬಳಿಕ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸೂಚಿಸಿದೆ. ಕಿರುಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಇಂತಹ ರಕ್ಷಣೆಯನ್ನು ಕೇಳಿ ಪಡೆಯುವುದು ಸಾಲದಿಂದ ನುಣುಚಿಕೊಳ್ಳುವುದಲ್ಲ.

ಆದ್ದರಿಂದ ಬಾಗಿಲು ತಟ್ಟಿದಾಗ ಮಕ್ಕಳಿಂದ ‘ಅಬ್ಬ ಮನೆಯಲ್ಲಿಲ್ಲ’ ಎಂದು ಹೇಳಿಸುವುದನ್ನು ನಾವು ಮೊದಲು ಬಿಡಬೇಕು. ಬಂದವನು ಯಾರ ಪರವಾಗಿ ಬಂದಿದ್ದಾನೆ, ಅಸಲೆಷ್ಟು, ಬಡ್ಡಿಯೆಷ್ಟು, ಈವರೆಗೆ ಸಂದಾಯವಾದುದೆಷ್ಟು ಎಂಬುದನ್ನು ಬರಹದಲ್ಲೇ ಕೇಳಬೇಕು. ಸಾಲವನ್ನು ಬರೆದಿಡಬೇಕೆಂದು ಆದೇಶಿಸುವ ಅಲ್ ಬಕರ ಅಧ್ಯಾಯದ 282ನೇ ಸೂಕ್ತವೇ ಕುರ್‌ಆನ್‌ನ ಅತಿ ದೀರ್ಘ ಸೂಕ್ತವಾಗಿದೆ. ಕಾಲಮಿತಿ ಮೀರಿದ ಸಾಲವನ್ನು ಕೊಡುವೆನೆಂದು ಹೊಸದಾಗಿ ಬರೆದು ಸಹಿ ಮಾಡಿದರೆ ಅದಕ್ಕೆ ಮತ್ತೆ ಕಾನೂನಿನ ಬಲ ಬರುತ್ತದೆ. ಹಾಗಾಗಿ ತಿಳಿದವರನ್ನು ಕೇಳಿದ ಬಳಿಕವೇ ಸಹಿ ಹಾಕಬೇಕು. ಆಗುವುದಾದರೆ ಎಷ್ಟು, ಯಾವಾಗ ಎಂದು ಹೇಳಬೇಕು. ಆಗದಿದ್ದರೆ ಆಗದೆಂದೇ ಹೇಳಬೇಕು. ಈಡೇರಿಸಲಾಗದ ವಾಗ್ದಾನ ಎರಡನೆಯ ಸಾಲವಾಗುತ್ತದೆ.

ಜಮಾಅತಿನ ಹೊಣೆಯೂ ಇಲ್ಲಿದೆ. ಅತ್ತೌಬ ಅಧ್ಯಾಯದ 60ನೇ ಸೂಕ್ತವು ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರನ್ನೂ ಹೆಸರಿಸಿದೆ. ನಮ್ಮ ಮಹಲ್ಲಾದಲ್ಲಿ ಯಾರು ಮಂಚದ ಮರೆಯಲ್ಲಿ ಅವಿತಿದ್ದಾರೆಂದು ಪ್ರತಿ ರಮಝಾನ್‌ನಲ್ಲಿ ಝಕಾತ್ ಹಂಚುವ ನಾವು ಒಮ್ಮೆಯಾದರೂ ವಿಚಾರಿಸಿದ್ದೇವೆಯೇ? ಸಾಲ ಕೊಟ್ಟವರು ನಮ್ಮೊಳಗೇ ಇದ್ದಾರೆ. ತಮ್ಮ ಸಾಲಗಾರನ ಕಷ್ಟ ನಿಜವೆಂದು ಮನದಟ್ಟಾದ ದಿನ ಅವರಿಗೂ ಅಬುಲ್ ಯಸರ್‌(ರ)ರಂತೆ ಆ ಬರಹವನ್ನು ಅಳಿಸುವ ಅವಕಾಶವಿದೆ.

ಸಾಲದ ಭಾರದಿಂದ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ತೀರಿಸುವ ಮನಸ್ಸನ್ನೂ ಮನ್ನಿಸುವ ಹೃದಯವನ್ನೂ ನಮಗೆ ಕರುಣಿಸಲಿ, ಆಮೀನ್.