ದೇವರಾಜ ಅರಸು ಮತ್ತು ಅವರ ಮತದಾರ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ನಮ್ಮ ಜನ ಸಾಮಾನ್ಯವಾಗಿ ರಾಜಕಾರಣಿಗಳ ಮೇಲೆ ಪ್ರಯೋಗಿಸುತ್ತಾರೆ. ಗೆದ್ದವನು ಓಟು ಕೊಟ್ಟವರನ್ನು ಮರೆತನೆಂಬುದು ಅದರ ತಾತ್ಪರ್ಯ. ಆದರೆ ಕರ್ನಾಟಕದ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಅಲ್ಲಿ ಈ ಗಾದೆಯನ್ನು ತಿರುಗಿಸಿ, ಮತದಾರರ ಮೇಲೆಯೇ ಹೇಳುವುದು ರೂಢಿಯಾಗಿದೆ. 1980ರ ಜನವರಿಯ ಮೊದಲ ವಾರದಲ್ಲಿ ಲೋಕಸಭೆಗೆ ಚುನಾವಣೆ ನಡೆಯಿತು. ರಾಜ್ಯದ 28 ಸ್ಥಾನಗಳ ಪೈಕಿ 27 ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ಬಂದವು. ಉಳಿದ ಒಂದು, ಬೆಂಗಳೂರು ದಕ್ಷಿಣ, ಜನತಾ ಪಕ್ಷದ ಟಿ.ಆರ್. ಶಾಮಣ್ಣನವರದು. ಏಳು ವರ್ಷಕ್ಕೂ ಮೀರಿ ರಾಜ್ಯವಾಳಿದ್ದ, ಗೇಣಿದಾರನಿಗೆ ನೆಲ ಕೊಡಿಸಿದ, ಹಿಂದುಳಿದವರಿಗೆ ಬಾಗಿಲು ತೆರೆಸಿದ ಮುಖ್ಯಮಂತ್ರಿ ದೇವರಾಜ ಅರಸರ ಪಕ್ಷಕ್ಕೆ ದೊರೆತದ್ದು ಸೊನ್ನೆ. ಕೆಲವೇ ದಿನಗಳಲ್ಲಿ ಅವರು ಅಧಿಕಾರವನ್ನೂ ಬಿಟ್ಟರು. ಎಂಥ ಕೃತಘ್ನ ಜನ ಎಂದು ಅರಸರ ಅಭಿಮಾನಿಗಳು ಇಂದಿಗೂ ಹೇಳುವುದುಂಟು. ಅಧ್ಯಾಪಕರ ಕೊಠಡಿಯ ಕಾಫಿಯ ವೇಳೆಯಲ್ಲಿ ನಾನೇ ಎಷ್ಟೋ ಸಲ ಕೇಳಿದ್ದೇನೆ. ಈ ಮಾತು ನನಗೇನೋ ಒಪ್ಪಿಗೆಯಾಗಿಲ್ಲ.

ಕಾರಣವನ್ನು ಹೇಳುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1969ರಲ್ಲಿ ಕಾಂಗ್ರೆಸ್ಸು ಇಬ್ಭಾಗವಾದಾಗ ಅದರ ಅಖಿಲ ಭಾರತ ಅಧ್ಯಕ್ಷರಾಗಿದ್ದವರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು. ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಅವರ ಕಡೆ. ಶಾಸಕರಲ್ಲಿ ಬಹುಮಂದಿಯೂ ಅವರ ಕಡೆಯೇ. ಇಂದಿರಾ ಗಾಂಧಿಯವರ ಪಕ್ಷದಲ್ಲಿ ನಿಂತ ಕೆಲವರಲ್ಲಿ ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ಅರಸರು ಮುಖ್ಯರು. ರಾಜ್ಯದ ಬಲಾಬಲ ಬಲ್ಲವರು ಯಾರೂ ಆಗ ಅವರ ಮೇಲೆ ಪಣ ಕಟ್ಟುತ್ತಿರಲಿಲ್ಲ. ಆದರೆ 1971ರ ಮಾರ್ಚಿಯಲ್ಲಿ ಲೋಕಸಭೆಯ ಚುನಾವಣೆ ಬಂದಾಗ, ಅಂದಿನ ಮೈಸೂರು ರಾಜ್ಯದ 27 ಸ್ಥಾನಗಳೂ, ಒಂದೂ ಬಿಡದೆ, ಇಂದಿರಾ ಗಾಂಧಿಯವರ ಪಾಲಾದವು. ಅದನ್ನು ಕಂಡದ್ದೇ ತಡ, ಶಾಸಕರು ಗುಂಪುಗುಂಪಾಗಿ ಪಾಟೀಲರನ್ನು ತೊರೆದರು. ಆ ತಿಂಗಳೇ ಅವರ ಸರ್ಕಾರ ಹೋಗಿ ರಾಷ್ಟ್ರಪತಿ ಆಡಳಿತ ಬಂದಿತು. ಮರುವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ಸು 216ರಲ್ಲಿ 165 ಸ್ಥಾನ ಗೆದ್ದು, 1972ರ ಮಾರ್ಚ್ 20ರಂದು ಅರಸರು ಮುಖ್ಯಮಂತ್ರಿಯಾದರು.

ವಾಚಕರು ಈ 1971ನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಒಂಬತ್ತು ವರ್ಷಗಳ ಅನಂತರ ಇದೇ ನಾಟಕ, ಇದೇ ರಂಗದ ಮೇಲೆ ಮತ್ತೊಮ್ಮೆ ನಡೆಯಿತು. ಪಾತ್ರ ಹಂಚಿಕೆ ಮಾತ್ರ ಬೇರೆ.

ಅರಸರ ಆಳ್ವಿಕೆಯ ಗುಣದೋಷಗಳನ್ನೆಲ್ಲ ಇಲ್ಲಿ ತೂಗುವುದಕ್ಕೆ ಸ್ಥಳವಿಲ್ಲ. ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ 1972ರಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಕವಾಗಿ 1975ರಲ್ಲಿ ವರದಿ ಕೊಟ್ಟಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನೇ ಅಳಿಸಿಹಾಕಿತು. ತಾಲ್ಲೂಕು ತಾಲ್ಲೂಕಿಗೂ ಭೂನ್ಯಾಯ ಮಂಡಳಿಗಳಾದವು. ಮೊದಮೊದಲು ಅವುಗಳ ಮುಂದೆ ವಕೀಲರು ನಿಲ್ಲುವಂತಿರಲಿಲ್ಲ. ಒಡೆಯನೂ ಗೇಣಿದಾರನೂ ಎದುರೆದುರು ನಿಂತು ತಮ್ಮ ಮಾತು ತಾವೇ ಹೇಳಬೇಕು. ಅದುವರೆಗೆ ಒಡೆಯರ ಜಗಲಿಯ ಕೆಳಗೆ ನಿಂತು ಮಾತನಾಡಿ ಅಭ್ಯಾಸವಾಗಿದ್ದವನಿಗೆ ಇದೇ ಒಂದು ದೊಡ್ಡ ಸುಧಾರಣೆ. ಏಳನೆಯ ನಂಬರಿನ ಫಾರಂ ಎಂದು ಹಳ್ಳಿಗಳಲ್ಲಿ ಮನೆಮಾತಾದ ಆ ಅರ್ಜಿಗಳು ಎಂಟು ಲಕ್ಷಕ್ಕೂ ಹೆಚ್ಚು ಬಂದವು.

ಇದು ಬೆಳಕು. ಕತ್ತಲೆಯೂ ಇತ್ತು. ತುರ್ತುಪರಿಸ್ಥಿತಿಯ ಇಪ್ಪತ್ತೊಂದು ತಿಂಗಳು ಅರಸರು ಅದರ ವಿರುದ್ಧ ಬಾಯಿ ತೆರೆಯಲಿಲ್ಲ. ಶಾಸಕರನ್ನು ಒಲಿಸುವ, ಉಳಿಸಿಕೊಳ್ಳುವ ವಿದ್ಯೆಯಲ್ಲಿ ಅವರದು ಎತ್ತಿದ ಕೈ. ಆ ವಿದ್ಯೆಗೆ ಹಣ ಬೇಕು, ಹಣಕ್ಕೆ ದಾರಿ ಬೇಕು. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಅವರ ವಿಚಾರಣಾ ಆಯೋಗವನ್ನು ನೇಮಿಸಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನವರೆಗೆ ಹೋಗಿ ಇದನ್ನು ಪ್ರಶ್ನಿಸಿ ಸೋತಿತು. ಆಯೋಗ ಕೆಲವು ಆರೋಪಗಳನ್ನು ಎತ್ತಿಹಿಡಿಯಿತು. ಪಟ್ಟಣಗಳ ಓದುಬರಹ ಬಲ್ಲ ವರ್ಗಕ್ಕೆ ಅರಸರ ಹೆಸರು ಹೇಳಿದರೆ ಮೊದಲು ನೆನಪಾಗುತ್ತಿದ್ದುದು ಈ ಆಯೋಗವೇ. ಹಳ್ಳಿಯ ಮತದಾರ ಇದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ ಎಂಬುದಕ್ಕೆ 1978ರ ಫೆಬ್ರವರಿಯ ಚುನಾವಣೆಯೇ ಸಾಕ್ಷಿ. ಅದಕ್ಕೆ ಮುಂಚೆ ಕೇಂದ್ರವು ಅರಸರ ಸರ್ಕಾರವನ್ನು ಮನೆಗೆ ಕಳುಹಿಸಿತ್ತು. ಜನ ಅವರನ್ನು 224ರಲ್ಲಿ 149 ಸ್ಥಾನ ಕೊಟ್ಟು ಹಿಂದಕ್ಕೆ ಕರೆತಂದರು. ಆದುದರಿಂದ ಎರಡು ವರ್ಷಗಳ ಮೇಲೆ ಅವರ ಬೆಂಬಲ ಕರಗಿದ್ದಕ್ಕೆ ಗ್ರೋವರ್ ವರದಿಯನ್ನು ಕಾರಣ ಮಾಡುವುದು ಸುಲಭವೇ ಹೊರತು ಸರಿಯಲ್ಲ.

ಹಾಗಾದರೆ 1977ರ, 1978ರ ಗೆಲುವುಗಳು ಯಾರವು? ಪ್ರಶ್ನೆಯ ಗಂಟು ಇರುವುದು ಇಲ್ಲಿ.

1977ರ ಮಾರ್ಚಿಯಲ್ಲಿ ಉತ್ತರ ಭಾರತವೆಲ್ಲ ಕಾಂಗ್ರೆಸ್ಸನ್ನು ಗುಡಿಸಿ ಹಾಕಿತು. ಇಂದಿರಾ ಗಾಂಧಿಯವರೇ ರಾಯ್‌ಬರೇಲಿಯಲ್ಲಿ ಸೋತರು. ಅಂಥ ಹೊತ್ತಿನಲ್ಲಿ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಇದು ತಮ್ಮ ಕೆಲಸಕ್ಕೆ ಸಿಕ್ಕ ಕೂಲಿ ಎಂದು ಅರಸರು ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅವರ ಸ್ಥಾನದಲ್ಲಿ ಯಾರಿದ್ದರೂ ಹಾಗೆಯೇ ಭಾವಿಸುತ್ತಿದ್ದರು. ಆದರೆ ಪಕ್ಕದ ಆಂಧ್ರಪ್ರದೇಶದ ಕಡೆಗೆ ಒಮ್ಮೆ ತಿರುಗಿ ನೋಡಬೇಕಾಗಿತ್ತು. ಅಲ್ಲಿ ಅರಸರಿರಲಿಲ್ಲ, ಹಾವನೂರರಿರಲಿಲ್ಲ, ಏಳನೆಯ ನಂಬರಿನ ಫಾರಮ್ಮೂ ಇರಲಿಲ್ಲ. ಆದರೂ ಅದೇ ಚುನಾವಣೆಯಲ್ಲಿ 42ರಲ್ಲಿ 41 ಸ್ಥಾನ ಕಾಂಗ್ರೆಸ್ಸಿಗೆ ಬಂದಿದ್ದವು. ಮರುವರ್ಷ ಫೆಬ್ರವರಿಯಲ್ಲಿ ಕರ್ನಾಟಕದ ಜೊತೆಯಲ್ಲೇ ಅಲ್ಲಿಯೂ ವಿಧಾನಸಭೆಗೆ ಚುನಾವಣೆಯಾಗಿ, ಆಗತಾನೆ ಹುಟ್ಟಿದ್ದ ಇಂದಿರಾ ಕಾಂಗ್ರೆಸ್ಸೇ ಗೆದ್ದಿತು. ಹೊಲ ಬೇರೆ, ಒಕ್ಕಲು ಬೇರೆ, ಬೆಳೆ ಮಾತ್ರ ಒಂದೇ ಎಂದಾದರೆ ಬಿತ್ತಿದ ಬೀಜದ ಕಡೆ ನೋಡಬೇಕಲ್ಲವೆ?

ಮತದಾರ ಪಕ್ಷಕ್ಕೆ ನಿಷ್ಠನೆಂದು ನಾವು ಸಲೀಸಾಗಿ ಹೇಳುತ್ತೇವೆ. ಯಾವ ಪಕ್ಷಕ್ಕೆ? 1967ರಲ್ಲಿ ಅವನು ಮುದ್ರೆಯೊತ್ತಿದ್ದು ಜೋಡೆತ್ತಿಗೆ. 1971ರಲ್ಲಿ ಹಸು-ಕರುವಿಗೆ. 1978ರಲ್ಲಿ ಕೈಗೆ. ಹನ್ನೊಂದು ವರ್ಷಗಳಲ್ಲಿ ಮೂರು ಗುರುತು. ಓದು ಬಾರದವನಿಗೆ ಗುರುತೇ ಪಕ್ಷವೆಂದು ಪಂಡಿತರು ಬರೆದಿದ್ದಾರೆ. ಅದು ನಿಜವಾಗಿದ್ದರೆ 1978ರಲ್ಲಿ ಬ್ರಹ್ಮಾನಂದ ರೆಡ್ಡಿಯವರ ಹಳೆಯ ಕಾಂಗ್ರೆಸ್ಸಿಗೆ ಸಾಕಷ್ಟು ಸ್ಥಾನ ಬರಬೇಕಾಗಿತ್ತು, ಬಂದದ್ದು ಎರಡು. ನಮ್ಮ ಓದು ಬಾರದ ಮತದಾರ ಎತ್ತನ್ನು ಬಿಟ್ಟು ಹಸುವನ್ನೂ, ಹಸುವನ್ನು ಬಿಟ್ಟು ಕೈಯನ್ನೂ ಪ್ರತಿಸಲವೂ ತಪ್ಪದೆ ಗುರುತಿಸಿದ. ಸಂಸ್ಥೆ, ಕಚೇರಿ, ಅಧ್ಯಕ್ಷರು, ನಿರ್ಣಯಗಳು ಇವೆಲ್ಲ ಇದ್ದ ಕಡೆ ಅವನು ಪಕ್ಷವನ್ನು ಕಾಣಲಿಲ್ಲ. ಅವನ ಪಾಲಿಗೆ ಪಕ್ಷವೆಂದರೆ ಒಬ್ಬ ಹೆಂಗಸು.

ಹಾಗೆ ಕಾಣುವಂತೆ ಅವನಿಗೆ ಕಲಿಸಿದವರಲ್ಲಿ ಅರಸರೇ ಮೊದಲಿಗರು. ಇದಕ್ಕೆ ಬಲವಾದ ಕಾರಣವೂ ಇದ್ದಿತು. ಅವರು ಹುಟ್ಟಿದ ಅರಸು ಮನೆತನಗಳ ಸಮುದಾಯ ಬೆರಳೆಣಿಕೆಯದು. ಲಿಂಗಾಯತ, ಒಕ್ಕಲಿಗ ಮುಖಂಡರಿಗೆ ಬೆನ್ನ ಹಿಂದೆ ಲಕ್ಷಾಂತರ ಜನವಿತ್ತು. ಅರಸರ ಬೆನ್ನ ಹಿಂದೆ ಯಾರೂ ಇರಲಿಲ್ಲ. ಚದರಿದ ನೂರಾರು ಸಣ್ಣ ಜಾತಿಗಳನ್ನೂ, ಹರಿಜನರನ್ನೂ, ಮುಸಲ್ಮಾನರನ್ನೂ ಒಂದು ಕೊಡೆಯ ಕೆಳಗೆ ತರಬೇಕಾಗಿತ್ತು. ಆ ಕೊಡೆಗೆ ಇಂದಿರಾ ಗಾಂಧಿಯವರ ಹೆಸರಿಗಿಂತ ಅಗಲವಾದ ಬಟ್ಟೆ ಸಿಕ್ಕುವಂತಿರಲಿಲ್ಲ. ಗರೀಬಿ ಹಠಾವೋ ಅವರದು, ಇಪ್ಪತ್ತು ಅಂಶಗಳ ಕಾರ್ಯಕ್ರಮ ಅವರದು. ಅರಸರು ರಾಜ್ಯದಲ್ಲಿ ಮಾಡಿದ್ದೆಲ್ಲವೂ ಅದೇ ಹೆಸರಿನಲ್ಲಿ ಹಂಚಿಕೆಯಾಯಿತು. ಕೊಟ್ಟ ಕೈ ಅರಸರದಾದರೂ ಲೆಕ್ಕ ಬರೆದದ್ದು ಇನ್ನೊಬ್ಬರ ಖಾತೆಗೆ. 1978ರ ನವೆಂಬರಿನ ಚಿಕ್ಕಮಗಳೂರು ಉಪಚುನಾವಣೆ ಇದರ ಶಿಖರ. ರಾಯ್‌ಬರೇಲಿಯಲ್ಲಿ ಸೋತವರನ್ನು ಕಾಫಿಯ ನಾಡಿಗೆ ಕರೆತಂದು, ಜನತಾ ಪಕ್ಷದ ವೀರೇಂದ್ರ ಪಾಟೀಲರ ಎದುರು 77 ಸಾವಿರಕ್ಕೂ ಮಿಕ್ಕ ಮತಗಳಿಂದ ಗೆಲ್ಲಿಸಿಕೊಟ್ಟವರು ಅರಸರೇ.

ಒಂದು ಮನೆಯ ಮಾತನ್ನು ಇಲ್ಲಿ ಹೇಳಿದರೆ ತಪ್ಪಾಗಲಾರದು. ನನ್ನ ತಾಯಿಯ ತಂದೆ ಮಲೆನಾಡಿನಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಮಂಡಳಿಯ ತೀರ್ಪಿನಿಂದ ಗದ್ದೆ ಅವರದಾಯಿತು. ಆ ಕಾಗದವನ್ನು ಅಡಕೆಯ ಹಾಳೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದರು. ಅರಸರ ಹೆಸರೆತ್ತಿದರೆ ಕೈ ತಾನಾಗಿ ಎದೆಯ ಹತ್ತಿರ ಹೋಗುತ್ತಿತ್ತು. ಆದರೂ 1980ರಲ್ಲಿ ಅಜ್ಜ ಓಟು ಹಾಕಿದ್ದು ಕೈಗುರುತಿಗೆ. ನಾನು ಎಂ.ಎ. ಓದುವಾಗ ಒಮ್ಮೆ, ಬುದ್ಧಿವಂತಿಕೆಯ ಗರ್ವದಿಂದ, ಇದೆಂಥ ನ್ಯಾಯ ಅಜ್ಜಾ ಎಂದು ಕೇಳಿದೆ. "ಇಂದಿರಮ್ಮಂಗೆ ಹಾಕಿ ಅಂತ ಹೇಳಿಕೊಟ್ಟಿದ್ದು ಅರಸೇ ಅಲ್ಲನಾ ಮಾರಾಯ? ಕಲಿಸಿದ್ದನ್ನ ಈಗ ಮರೀರಿ ಅಂದ್ರೆ ಹ್ಯಾಂಗೆ?" ಎಂದರು. ಅವರ ದನಿಯಲ್ಲಿ ಅಪರಾಧದ ಭಾವನೆ ಎಳ್ಳಷ್ಟೂ ಇರಲಿಲ್ಲ.

ಮನಸ್ತಾಪ ಬೆಳೆದ ಬಗೆ ಎಲ್ಲರಿಗೂ ತಿಳಿದದ್ದೇ. ಮುಖ್ಯಮಂತ್ರಿ ಪದವಿ, ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷತೆ ಎರಡೂ ಅರಸರ ಕೈಯಲ್ಲಿದ್ದವು. ಒಂದನ್ನು ಬಿಡಬೇಕೆಂದು ದೆಹಲಿ, ಬಿಡೆನೆಂದು ಅರಸರು. ಸಂಜಯ ಗಾಂಧಿಯವರ ಪ್ರಾಬಲ್ಯವೂ ಅವರಿಗೆ ಸಹಿಸಲಿಲ್ಲ. ಎಸ್. ಬಂಗಾರಪ್ಪನವರನ್ನು ಪ್ರದೇಶಾಧ್ಯಕ್ಷರನ್ನಾಗಿ ನೇಮಿಸಲಾಯಿತು. 1979ರ ಜೂನಿನಲ್ಲಿ ಅರಸರಿಗೆ ಉಚ್ಚಾಟನೆಯಾಯಿತು. ಅವರೇನೂ ಅಂಜಲಿಲ್ಲ. ಶಾಸಕರಲ್ಲಿ ಹೆಚ್ಚಿನವರು ಅವರ ಜೊತೆಗೇ ನಿಂತರು, ಸರ್ಕಾರ ಅಲುಗಲಿಲ್ಲ. ಮುಂದಿನ ತಿಂಗಳು ಸ್ವರ್ಣಸಿಂಗರ ಕಾಂಗ್ರೆಸ್ಸಿಗೆ ಅರಸರು ಅಧ್ಯಕ್ಷರಾದರು. ಆ ಪಕ್ಷಕ್ಕೆ ಅವರ ಹೆಸರಿನ ಅಕ್ಷರವೇ ಅಂಟಿಕೊಂಡಿತು. ಕೆಲಕಾಲ ಚರಣಸಿಂಗರ ಕೇಂದ್ರ ಮಂತ್ರಿಮಂಡಲದಲ್ಲಿ ಅವರ ಪಕ್ಷದವರು ಕುಳಿತರು. ಕಲ್ಲಹಳ್ಳಿಯ ಕೃಷಿಕ ಅಖಿಲ ಭಾರತ ನಾಯಕರಾದರೆಂದು ಪತ್ರಿಕೆಗಳು ಬರೆದ ದಿನಗಳು ಅವು.

ಅನಂತರ ಬಂದದ್ದು ಆ ಜನವರಿ. 1971ರಲ್ಲಿ ಪಾಟೀಲರ ಶಾಸಕರು ಮಾಡಿದ್ದನ್ನೇ ಈಗ ಅರಸರ ಶಾಸಕರು ಮಾಡಿದರು. ಲೋಕಸಭೆಯ ಫಲಿತಾಂಶ ಹೊರಬಿದ್ದ ಕೂಡಲೇ ಹಿಂಡು ಹಿಂಡಾಗಿ ಆಚೆ ದಡಕ್ಕೆ ಹಾರಿದರು. ಪಕ್ಷಾಂತರ ನಿಷೇಧದ ಕಾನೂನು ಬಂದದ್ದು 1985ರಲ್ಲಿ. ಆಗ ಅಡ್ಡಿಪಡಿಸುವ ಯಾವ ಬೇಲಿಯೂ ಇರಲಿಲ್ಲ. 1980ರ ಜನವರಿ 12ರಂದು, ಅದೇ ವಿಧಾನಸಭೆಯ ಬಹುಮತದಿಂದ, ಆರ್. ಗುಂಡೂರಾಯರು ಮುಖ್ಯಮಂತ್ರಿಗಳಾದರು. ಇನ್ನೊಂದು ವಿನೋದ ನೋಡಿ: ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರನ್ನು ಎದುರಿಸಿದ್ದ ವೀರೇಂದ್ರ ಪಾಟೀಲರು ಇಷ್ಟರಲ್ಲಿ ಅವರ ಕಡೆಗೆ ಬಂದು ಬಾಗಲಕೋಟೆಯಿಂದ ಗೆದ್ದು ಕೇಂದ್ರದ ಮಂತ್ರಿಗಳಾದರು. ಗೆಲ್ಲಿಸಿದವರು ಮನೆಗೆ ಹೋದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸದೆ ಹೋಗಬಾರದು. ಒಡೆದ ಮೇಲೆ ಅರಸರು ಮುಖ್ಯಮಂತ್ರಿಯಾಗಿ ವಿಧಾನಸಭೆಯ ಚುನಾವಣೆಯನ್ನು ಎದುರಿಸಲೇ ಇಲ್ಲ. 1978ಕ್ಕೂ 1983ಕ್ಕೂ ನಡುವೆ ಅಂಥ ಚುನಾವಣೆಯೇ ಆಗಲಿಲ್ಲ. ದೆಹಲಿಯಲ್ಲಿ ಯಾರು ಆಳಬೇಕೆಂದು ಜನವರಿಯಲ್ಲಿ ಕೇಳಲಾಗಿತ್ತು. ಜನ ಅದಕ್ಕೆ ಉತ್ತರ ಕೊಟ್ಟರು. ಬೆಂಗಳೂರಿನಲ್ಲಿ ಯಾರು ಎಂದು ಅವರನ್ನು ಯಾರೂ ಕೇಳಲಿಲ್ಲ. ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿ ಓದಿದವರು ಶಾಸಕರು. ಈ ಎರಡು ಪ್ರಶ್ನೆಗಳನ್ನು ನಮ್ಮ ಮತದಾರ ಬೇರ್ಪಡಿಸಬಲ್ಲನೆ ಎಂದು ಸಂದೇಹಪಡುವವರು 1984ರ ಡಿಸೆಂಬರನ್ನೂ 1985ರ ಮಾರ್ಚನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಡಿಸೆಂಬರಿನಲ್ಲಿ ರಾಜೀವ ಗಾಂಧಿಯವರ ಕಾಂಗ್ರೆಸ್ಸಿಗೆ ಲೋಕಸಭೆಯ 28ರಲ್ಲಿ 24 ಸ್ಥಾನ. ಮೂರು ತಿಂಗಳು ತುಂಬುವ ಮುನ್ನ ವಿಧಾನಸಭೆಯಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 224ರಲ್ಲಿ 139. ಕೊಟ್ಟ ಜನ ಅವರೇ.

1980ರಲ್ಲಿ ಹೀಗೆ ಬಿಡಿಸಿ ಕೇಳಿದ್ದರೆ ಅರಸರು ಗೆಲ್ಲುತ್ತಿದ್ದರೆಂದು ನಾನು ಹೇಳುತ್ತಿಲ್ಲ. ಇಂದಿರಾ ಗಾಂಧಿಯವರು ಎದುರು ಪ್ರಚಾರಕ್ಕೆ ನಿಂತಿದ್ದರೆ ಅಜ್ಜನಂಥವರ ಕೈ ಯಾವ ಕಡೆ ಹೋಗುತ್ತಿತ್ತೋ! ಆದರೆ ಕೇಳದೆಯೇ ತೀರ್ಪು ಬರೆದದ್ದಂತೂ ನಿಜ.

ಅರಸರು ಸುಮ್ಮನೆ ಕೂಡಲಿಲ್ಲ. ಕರ್ನಾಟಕ ಕ್ರಾಂತಿರಂಗವೆಂಬ ಹೊಸ ಪಕ್ಷವನ್ನು ಕಟ್ಟಿದರು. ಇಷ್ಟು ವರ್ಷ ಬೇರೊಬ್ಬರ ಖಾತೆಗೆ ಬರೆದದ್ದನ್ನು ತಮ್ಮ ಹೆಸರಿಗೆ ತಿರುಗಿಸಿ ಬರೆಯಲು ಅದೊಂದು ಯತ್ನ. ಅದಕ್ಕೆ ಕಾಲ ಒದಗಲಿಲ್ಲ. 1982ರ ಜೂನ್ 6ರಂದು ತೀರಿಕೊಂಡರು. ಹಿಂದೆ ಅವರ ಜಾಗದಲ್ಲಿ ಪ್ರದೇಶಾಧ್ಯಕ್ಷರಾಗಿ ಬಂದಿದ್ದ ಬಂಗಾರಪ್ಪನವರೇ ಕಾಂಗ್ರೆಸ್ಸನ್ನು ಬಿಟ್ಟು ಬಂದು ಕ್ರಾಂತಿರಂಗಕ್ಕೆ ನಾಯಕರಾದರು. 1983ರ ಜನವರಿಯಲ್ಲಿ ರಂಗವೂ ಜನತಾ ಪಕ್ಷವೂ ಕೂಡಿ ವಿಧಾನಸಭೆಯ ಚುನಾವಣೆಗೆ ನಿಂತವು. ಅವಕ್ಕೆ 95 ಸ್ಥಾನ, ಕಾಂಗ್ರೆಸ್ಸಿಗೆ 82. ರಾಜ್ಯದಲ್ಲಿ ಮೊಟ್ಟಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ಆಗ ಅರಸರು ಹೋಗಿ ಏಳು ತಿಂಗಳಾಗಿತ್ತು.