ಪೋರ್ಟರ್ ಅಲೆಕ್ಸಾಂಡರನ ಮನೆತನ

ಅಮೆರಿಕದ ಜಾರ್ಜಿಯಾ ಸೀಮೆಯಲ್ಲಿ ವಾಷಿಂಗ್ಟನ್ ಎಂಬ ಹೆಸರಿನದೇ ಒಂದು ಸಣ್ಣ ಊರಿದೆ. ಅಲ್ಲಿ ಆಡಮ್ ಲಿಯೊಪೋಲ್ಡ್ ಅಲೆಕ್ಸಾಂಡರ್ ಎಂಬ ಸಿರಿವಂತ ಜಮೀನ್ದಾರನ ಹತ್ತು ಮಕ್ಕಳಲ್ಲಿ ಆರನೆಯವನಾಗಿ ಎಡ್ವರ್ಡ್ ಪೋರ್ಟರ್ 1835ರ ಮೇ 26ರಂದು ಹುಟ್ಟಿದ. ಆ ಮನೆಯ ಪುಸ್ತಕ, ಸಂಗೀತ, ಅತಿಥಿಸತ್ಕಾರಗಳಿಗೆಲ್ಲ ಬೆವರು ಸುರಿಸಿದವರು ಆಫ್ರಿಕಾ ಮೂಲದ ಗುಲಾಮರು. ಆ ಮನೆತನದ ಚರಿತ್ರೆಯನ್ನು ಇಲ್ಲಿಂದಲೇ ಆರಂಭಿಸಬೇಕು.

ಹುಡುಗ ವೆಸ್ಟ್ ಪಾಯಿಂಟ್ ಸೈನಿಕ ಶಾಲೆ ಸೇರಿ, 1857ರಲ್ಲಿ ತನ್ನ ತಂಡದಲ್ಲಿ ಮೂರನೆಯವನಾಗಿ ಹೊರಬಿದ್ದ. ಬಾವುಟ ಬೀಸಿ ದೂರದವರಿಗೆ ಸಂದೇಶ ಮುಟ್ಟಿಸುವ ಹೊಸ ವಿದ್ಯೆಯನ್ನು ಸೇನಾಧಿಕಾರಿ ಆಲ್ಬರ್ಟ್ ಮೈಯರನ ಜೊತೆಗೂಡಿ ಪಳಗಿಸಿದ. 1860ರಲ್ಲಿ ವರ್ಜೀನಿಯಾದ ಬೆಟ್ಟಿ ಮೇಸನ್ ಅವನ ಕೈಹಿಡಿದಳು. ಮರುವರ್ಷ ಅಂತರ್ಯುದ್ಧ ಹೊತ್ತಿ, ದೇಶ ಉತ್ತರ, ದಕ್ಷಿಣಗಳೆಂದು ಎರಡಾಯಿತು. ಪಶ್ಚಿಮ ಕರಾವಳಿಯಿಂದ ಊರಿಗೆ ಹೊರಟವನನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೇಮ್ಸ್ ಮೆಕ್‌ಫರ್ಸನ್ ಎಂಬ ಸಹ ಅಧಿಕಾರಿ ತಡೆದು, ದಕ್ಷಿಣದವರು ಸೋಲುವುದು ಖಚಿತ, ಹೋಗಬೇಡ ಎಂದು ಕಳಕಳಿಯಿಂದ ಹೇಳಿದ. ಪೋರ್ಟರ್ ಆ ಮಾತನ್ನು ಆದರದಿಂದ ಕೇಳಿದ. ಆದರೂ ತನ್ನ ಸೀಮೆಯ ಜನರ ಪಕ್ಷವನ್ನೇ ಹಿಡಿದ. ಮೆಕ್‌ಫರ್ಸನ್ ಉತ್ತರದ ಸೇನಾಪತಿಯಾಗಿ 1864ರಲ್ಲಿ ಅಟ್ಲಾಂಟಾದ ಬಳಿ ಮಡಿದ.

ಆ ಮನೆತನದ ಅಳಿಯಂದಿರೂ ಇದೇ ದಾರಿ ಹಿಡಿದರು. ಜೆರೆಮಿ ಗಿಲ್ಮರ್ ದಕ್ಷಿಣದ ಸೇನೆಯ ಇಂಜಿನಿಯರುಗಳ ಮುಖ್ಯಸ್ಥನಾದ. ಅಲೆಕ್ಸಾಂಡರ್ ಲಾಟನ್ ಸರಬರಾಜಿನ ಹೊಣೆ ಹೊತ್ತ. ಪೋರ್ಟರನಿಗೆ ಒಪ್ಪಿದ ಅಸ್ತ್ರ ಫಿರಂಗಿ.

1863ರ ಜುಲೈ 3, ಗೆಟ್ಟಿಸ್‌ಬರ್ಗ್. ದಕ್ಷಿಣದ ಸೇನಾನಿ ಲಾಂಗ್‌ಸ್ಟ್ರೀಟನ ದಳದ ಸುಮಾರು 75 ತೋಪುಗಳನ್ನು ಸಾಲುಗಟ್ಟಿಸಿ ನಿಂತ ಪೋರ್ಟರನಿಗೆ ಆಗ ಇಪ್ಪತ್ತೆಂಟು ವರ್ಷ. ಗುಂಡಿನ ಮಳೆಗೆ ಶತ್ರು ಕದಲದಿದ್ದರೆ, ಅದೇ ದಳದ ಪಿಕೆಟನ ಪಡೆಯನ್ನು ಮುನ್ನುಗ್ಗಿಸಬೇಕೋ ಬೇಡವೋ ಎಂಬುದನ್ನು ನೀನೇ ನಿರ್ಧರಿಸು ಎಂಬರ್ಥದ ಚೀಟಿ ಲಾಂಗ್‌ಸ್ಟ್ರೀಟನಿಂದ ಬಂತು. ಸೇನಾಪತಿ ಹೊರಬೇಕಾದ ಹೊರೆ ಕಿರಿಯನ ಹೆಗಲಿಗೆ ಇಳಿಯಿತು. ಇದನ್ನು ನಾನು ಅನ್ಯಾಯವೆಂದೇ ಬರೆಯುತ್ತೇನೆ. ಬೇರೆ ದಾರಿಯಿದ್ದರೆ ತೋಪು ಹಾರಿಸುವ ಮೊದಲೇ ಯೋಚಿಸಿ, ಮದ್ದುಗುಂಡು ಇನ್ನೊಂದು ಸಲಕ್ಕೆ ಉಳಿಯುವುದಿಲ್ಲ ಎಂದು ಅವನು ತಿಳಿಸಿದ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ತೋಪುಗಳು ಗುಡುಗಿದವು. ಮದ್ದು ತಳ ಕಾಣತೊಡಗಿದಾಗ, ಬರುವುದಾದರೆ ಈಗಲೇ ಬನ್ನಿ ಎಂದು ಪಿಕೆಟನಿಗೆ ಹೇಳಿಕಳುಹಿಸಿದ. ಅಪ್ಪಣೆ ಕೇಳಿದ ಪಿಕೆಟನಿಗೆ ಲಾಂಗ್‌ಸ್ಟ್ರೀಟನ ಬಾಯಿಂದ ಮಾತು ಹೊರಡಲಿಲ್ಲ; ತಲೆಯಷ್ಟೇ ಆಡಿತು. ಬಯಲಿಗಿಳಿದ ಸುಮಾರು 12,500 ಜನರಲ್ಲಿ ಅರ್ಧದಷ್ಟು ಮಂದಿ ಸತ್ತರು, ಗಾಯಗೊಂಡರು, ಇಲ್ಲವೆ ಸೆರೆಸಿಕ್ಕರು.

1865ರ ಏಪ್ರಿಲ್ 9ರಂದು, ಸೋಲು ಖಚಿತವಾದಾಗ, ಶರಣಾಗುವ ಬದಲು ಸೈನಿಕರನ್ನು ಕಾಡುಗಳಿಗೆ ಚದುರಿಸೋಣ ಎಂದು ಪೋರ್ಟರ್ ದಕ್ಷಿಣದ ಸೇನಾಪತಿ ಲೀಗೆ ಸೂಚಿಸಿದ. ಅನ್ನವಿಲ್ಲದೆ, ಹೇಳುವವರಿಲ್ಲದೆ ಅವರು ದರೋಡೆಗಿಳಿಯುತ್ತಾರೆ, ನಾಡು ಇನ್ನಷ್ಟು ನರಳುತ್ತದೆ ಎಂದು ಲೀ ಶಾಂತವಾಗಿ ತಳ್ಳಿಹಾಕಿದ. ಆ ಸಲಹೆಗಾಗಿ ತನಗೇ ನಾಚಿಕೆಯಾಯಿತೆಂದು ಪೋರ್ಟರ್ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ.

ಯುದ್ಧ ಮುಗಿದ ಮೇಲೆ ಬ್ರೆಜಿಲ್ ದೇಶದ ಸೇನೆ ಸೇರುವ ಆಸೆ ಕೈಗೂಡಲಿಲ್ಲ. ದಕ್ಷಿಣ ಕೆರೊಲಿನಾದ ಕೊಲಂಬಿಯಾ ಊರಿನಲ್ಲಿ ಪಾಠ ಹೇಳಿದ, ರೈಲ್ವೆ ಕಂಪನಿಗಳ ಅಧ್ಯಕ್ಷನಾದ, ಕೊನೆಗೆ ತಂದೆಯಂತೆ ತಾನೂ ನೆಲದ ಕಡೆ ತಿರುಗಿದ. ಅದೇ ಸೀಮೆಯ ಜಾರ್ಜ್‌ಟೌನ್ ಬಳಿಯ ಸೌತ್ ಐಲೆಂಡಿನಲ್ಲಿ ಭತ್ತದ ಬೇಸಾಯ ಹೂಡಿದ. ಅಮೆರಿಕದ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಅಲ್ಲಿಗೆ ಬಾತುಕೋಳಿ ಬೇಟೆಗೆ ಬರುತ್ತಿದ್ದ. ನಿಕರಾಗುವ, ಕೋಸ್ಟರಿಕಗಳ ಗಡಿಜಗಳದಲ್ಲಿ ಮಧ್ಯಸ್ಥನಾಗುವ ಕೆಲಸವೂ ಪೋರ್ಟರನಿಗೆ ಅವನಿಂದಲೇ ದೊರೆಯಿತು.

1897ರಿಂದ ನಿಕರಾಗುವದ ಗ್ರೇಟೌನಿನ ಮಳೆಯಲ್ಲಿ ಕುಳಿತು, ಮಗಳ ಬಯಕೆಯಂತೆ ಪೋರ್ಟರ್ ತನ್ನ ಯುದ್ಧದ ನೆನಪುಗಳನ್ನು ಮನೆಮಂದಿಗೆಂದು ಬರೆಯತೊಡಗಿದ. 1899ರಲ್ಲಿ ಬೆಟ್ಟಿ ತೀರಿಕೊಂಡಳು; ಎರಡು ವರ್ಷಗಳ ಬಳಿಕ ಅವಳ ಸೋದರನ ಮಗಳು ಮೇರಿಯನ್ನು ಅವನು ಮದುವೆಯಾದ. 1907ರಲ್ಲಿ ಅಚ್ಚಾದ ಅವನ ಯುದ್ಧಚರಿತ್ರೆ ಲೀಯ ತಪ್ಪುಗಳನ್ನೂ ಬಿಡದೆ ಎಣಿಸಿತು. 1910ರ ಏಪ್ರಿಲ್ 28ರಂದು ಸವಾನಾದಲ್ಲಿ ಅವನು ಕಣ್ಣು ಮುಚ್ಚಿದ. ಮನೆಮಂದಿಗೆಂದು ಬರೆದ ಹಾಳೆಗಳು ಮಾತ್ರ 1989ರ ತನಕ ಬೆಳಕು ಕಾಣಲಿಲ್ಲ.

ಆ ಹಾಳೆಗಳಲ್ಲಿ ಚಾರ್ಲಿ ಇದ್ದಾನೆ. ಯುದ್ಧಕಾಲದಲ್ಲಿ ಪೋರ್ಟರ್ ಬಾಡಿಗೆಗೆ ಪಡೆದ ಹದಿನೈದರ ಗುಲಾಮ ಹುಡುಗ. ಅವನನ್ನು ಎರಡೇ ಸಲ ಹೊಡೆದೆ ಎಂದು ಒಡೆಯ ವಾತ್ಸಲ್ಯದಿಂದಲೇ ನೆನೆಯುತ್ತಾನೆ. ಗೆಟ್ಟಿಸ್‌ಬರ್ಗಿನ ಪ್ರತಿ ಗಳಿಗೆಯನ್ನು ತೂಗಿ ನೋಡಿದ ಕಣ್ಣು ಆ ಏಟುಗಳನ್ನು ತೂಗಲಿಲ್ಲ. ಒಂದು ಏಟು ಯಾರದೋ ಹಿತ್ತಲಿನ ಪೇರ್ ಮರದಿಂದ ಹಣ್ಣು ಕಿತ್ತದ್ದಕ್ಕೆ.