ಪೀಕ್, ಪೋಕ್ ಮತ್ತು ಅಳಿಸಿಹೋದ ಅಂಕಪಟ್ಟಿ



ಹೋದ ತಿಂಗಳು ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಂಗಳೂರಿನ ಗಾಡಿಗಾಗಿ ಕಾಯುತ್ತ ಕುಳಿತಿದ್ದಾಗ ನಡುವಯಸ್ಸು ದಾಟಿದ ಒಬ್ಬರು ಬಂದು ಕಾಲು ಮುಟ್ಟಿ ನಮಸ್ಕರಿಸಿದರು. 1988ರಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿದ್ದ ಹುಡುಗ. ಕ್ಷೇಮಸಮಾಚಾರವಾದ ಮೇಲೆ ನಗುತ್ತ, "ಸಾರ್, ಆ ಪ್ರಶ್ನಾರ್ಥಕ ಚಿಹ್ನೆಯ ಗಲಾಟೆ ನೆನಪಿದೆಯಾ? ಮಾರ್ಕ್ಸ್ ಲಿಸ್ಟನ್ನೇ ಅಳಿಸಿಬಿಟ್ಟನಲ್ಲ ಅವನು!" ಎಂದ. ನಾನೂ ನಕ್ಕೆ. ಆದರೆ ಗಾಡಿ ಹತ್ತಿ ಕುಳಿತ ಮೇಲೆ ನಗು ನಿಲ್ಲಲಿಲ್ಲ, ಸಂಕಟ ಶುರುವಾಯಿತು. ಅವನು ಹೇಳಿದ್ದು ತಪ್ಪು. ಆ ತಪ್ಪು ಇಡೀ ತರಗತಿಯ ನೆನಪಿನಲ್ಲಿ ಉಳಿಯಲು ನಾನೇ ಕಾರಣ. ಅದನ್ನು ತಿದ್ದಬೇಕಾದರೆ ಆ ಯಂತ್ರದ ಕಥೆಯನ್ನು ಮೊದಲಿನಿಂದ ಹೇಳಬೇಕು.

1984ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಶಿಕ್ಷಣ ಸಚಿವಾಲಯಗಳು ಕೂಡಿ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿದವು. 'ಕಂಪ್ಯೂಟರ್ ಲಿಟರಸಿ ಅಂಡ್ ಸ್ಟಡೀಸ್ ಇನ್ ಸ್ಕೂಲ್ಸ್' ಎಂಬುದರ ಸಂಕ್ಷೇಪ ಅದು. ಮೊದಲಿಗೆ ದೇಶದ 250 ಶಾಲೆಗಳಲ್ಲಿ ತೊಡಗಿದ ಆ ಯೋಜನೆ ಮುಂದೆ ವಿಸ್ತರಿಸಿ, ಸುಮಾರು 12 ಸಾವಿರ ಯಂತ್ರಗಳು ರಾಜ್ಯ ಸರ್ಕಾರಗಳ ಮೂಲಕ ಪ್ರೌಢಶಾಲೆಗಳನ್ನು ತಲುಪಿದವು. ಯಂತ್ರದ ಹೆಸರು ಬಿಬಿಸಿ ಮೈಕ್ರೋ. ಬ್ರಿಟನ್ನಿನ ಬಿಬಿಸಿ ಸಂಸ್ಥೆಯ ಕಂಪ್ಯೂಟರ್ ಸಾಕ್ಷರತಾ ಕಾರ್ಯಕ್ರಮಕ್ಕಾಗಿ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರ ಡಿಸೆಂಬರಿನಲ್ಲಿ ಹೊರತಂದದ್ದು. ಅದರ ನೆನಪಿನ ಶಕ್ತಿ 32 ಕಿಲೋಬೈಟ್. ಇಂದು ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೋ ಅದರ ನೂರು ಪಟ್ಟು ಜಾಗವನ್ನು ಕೇಳುತ್ತದೆ.

ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಗೂ ಆ ಯಂತ್ರಗಳು ಬಂದವು. ಗಣಿತದ ಮೇಷ್ಟ್ರು ಎಂಬ ಕಾರಣಕ್ಕೆ ನನ್ನನ್ನು ಒಂದು ಇಂಜಿನಿಯರಿಂಗ್ ಕಾಲೇಜಿಗೆ ಕೆಲವು ವಾರಗಳ ತರಬೇತಿಗೆ ಕಳುಹಿಸಿದರು. ಬಿ.ಎಡ್. ಓದುವಾಗ ಕಂಪ್ಯೂಟರ್ ಎಂಬ ಪದವನ್ನೇ ಕೇಳದಿದ್ದ ನಾನು, ಹಿಂತಿರುಗಿ ಬಂದಾಗ ಊರಿಗೆಲ್ಲ 'ಕಂಪ್ಯೂಟರ್ ಮೇಷ್ಟ್ರು' ಆಗಿದ್ದೆ. ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಒಳಗೆ ಬರಬೇಕು, ಹೇಳಿದ್ದನ್ನು ಬಿಟ್ಟು ಬೇರೇನನ್ನೂ ಮುಟ್ಟಬಾರದು ಎಂಬ ನನ್ನ ನಿಯಮಗಳು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಯಂತ್ರದ ನೆನಪು ಎಂದರೇನು ಎಂಬುದನ್ನು ನಾನು ಸ್ಲೇಟುಗಳ ಉದಾಹರಣೆಯಿಂದ ಹೇಳಿಕೊಡುತ್ತಿದ್ದೆ. ಉದ್ದನೆಯ ಸಾಲಿನಲ್ಲಿ 65,536 ಸ್ಲೇಟುಗಳು. ಸೊನ್ನೆಯಿಂದ 65,535ರವರೆಗೆ ಒಂದೊಂದಕ್ಕೂ ಒಂದು ಕ್ರಮಸಂಖ್ಯೆ. ಪ್ರತಿ ಸ್ಲೇಟಿನ ಮೇಲೆ ಸೊನ್ನೆಯಿಂದ 255ರ ಒಳಗಿನ ಒಂದು ಸಂಖ್ಯೆ ಮಾತ್ರ. ಹೊಸದನ್ನು ಬರೆದರೆ ಹಳೆಯದು ಅಳಿಸಿತು. ಸಾಲಿನ ಮೊದಲ ಅರ್ಧ ಮಾತ್ರ ಹೀಗೆ ಬರೆದು ಅಳಿಸಲು ಬರುವಂಥದು. ಉಳಿದರ್ಧದ ಬಹುಭಾಗ ಕಾರ್ಖಾನೆಯಲ್ಲೇ ಬರೆದು ಮುಗಿಸಿದ್ದು, ಓದಬಹುದು, ತಿದ್ದಲಾಗದು.

ನಮ್ಮ ಸೀಮೆಯವರಿಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ನಮ್ಮ ಅರಸೀಕೆರೆಯ ಈಶ್ವರ ದೇವಾಲಯ, ಇವೆಲ್ಲ ಬಳಪದ ಕಲ್ಲಿನವು. ಬೇಲೂರಿನ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಕೆತ್ತಿ ಒಂಬೈನೂರು ವರ್ಷಗಳಾದವು, ಇಂದಿಗೂ ಓದಬಹುದು. ಅದೇ ಬಳಪದ ಕಲ್ಲನ್ನು ಕಡ್ಡಿಯಾಗಿ ಕೊಯ್ದು ನಮ್ಮ ಹಿರಿಯರು ಕಡತದ ಮೇಲೆ ಲೆಕ್ಕ ಬರೆಯುತ್ತಿದ್ದರು. ಇಂದು ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಅದು ಇದ್ದಿಲು ಪುಡಿಯನ್ನೂ ಹುಣಸೆಬೀಜದ ಅಂಟನ್ನೂ ಬಳಿದು ಕಪ್ಪಾಗಿಸಿದ, ಮಡಿಚುವ ಬಟ್ಟೆಯ ಪುಸ್ತಕ. ಬರೆಯಬಹುದು, ಒರೆಸಬಹುದು, ಮತ್ತೆ ಬರೆಯಬಹುದು. ಕಲ್ಲು ಒಂದೇ, ಕೆತ್ತಿದರೆ ಶಾಸನ, ಗೀಚಿದರೆ ಕಡತ. ಕಂಪ್ಯೂಟರಿನಲ್ಲಿ ಮೊದಲನೆಯದು ರಾಮ್ ಅಲ್ಲ, ರೋಮ್. ಎರಡನೆಯದು ರ‍್ಯಾಮ್ ಎಂದು ಹೇಳಿದಾಗ ಹುಡುಗರು ನಗುತ್ತಿದ್ದರು.

ಈ ಸ್ಲೇಟುಗಳನ್ನು ನೇರವಾಗಿ ಮುಟ್ಟುವ ಆಜ್ಞೆಗಳೇ ಪೀಕ್ ಮತ್ತು ಪೋಕ್. ಇಂಥ ಕ್ರಮಸಂಖ್ಯೆಯ ಸ್ಲೇಟಿನಲ್ಲಿ ಏನಿದೆ ಎಂದು ಇಣುಕಿ ನೋಡುವುದು ಪೀಕ್. ಅಲ್ಲಿರುವುದನ್ನು ಒರೆಸಿ ನಮ್ಮ ಸಂಖ್ಯೆಯನ್ನು ಬರೆಯುವುದು ಪೋಕ್. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಜ್ ಎಂಬ ಇಬ್ಬರು ಗಣಿತದ ಪ್ರಾಧ್ಯಾಪಕರು ಬೇಸಿಕ್ ಭಾಷೆಯನ್ನು ರೂಪಿಸಿದಾಗ ಅದರಲ್ಲಿ ಇವು ಇರಲಿಲ್ಲ. ಒಂದೇ ದೊಡ್ಡ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲ. ಒಬ್ಬ ಮುಟ್ಟಿದರೆ ಇನ್ನೊಬ್ಬನ ಕೆಲಸ ಕೆಡುತ್ತದೆ. 1975ರ ನಂತರ ಮನೆಯ ಮೇಜಿನ ಮೇಲೆ ಇಡುವ ಯಂತ್ರಗಳು ಬಂದಾಗ ಒಬ್ಬನಿಗೇ ಒಂದು ಯಂತ್ರವಾಯಿತು. ಆ ಅಗ್ಗದ ಯಂತ್ರಗಳ ಬೇಸಿಕ್‌ನಲ್ಲಿ ಬಣ್ಣಕ್ಕೆ, ಧ್ವನಿಗೆ ಬೇಕಾದ ಆಜ್ಞೆಗಳೇ ಎಷ್ಟೋ ಸಲ ಇರುತ್ತಿರಲಿಲ್ಲ. ಭಾಷೆ ಕೊಡದಿದ್ದನ್ನು ಪೋಕ್ ಕೊಡುತ್ತಿತ್ತು. 1982ರಲ್ಲಿ ಬಂದ ಕೊಮೊಡೋರ್ 64ರಲ್ಲಿ 53280ನೆಯ ಸ್ಥಾನಕ್ಕೆ ಒಂದು ಸಂಖ್ಯೆ ಬರೆದರೆ ಪರದೆಯ ಅಂಚಿನ ಬಣ್ಣ ಬದಲಾಗುತ್ತಿತ್ತು. ಅದೇ ವರ್ಷದ ಸಿಂಕ್ಲೇರ್ ಸ್ಪೆಕ್ಟ್ರಮ್‌ನಲ್ಲಿ 23609ಕ್ಕೆ ಬರೆದರೆ ಕೀಲಿ ಒತ್ತಿದಾಗಿನ ಶಬ್ದ ಬದಲಾಗುತ್ತಿತ್ತು. ನಾವು ಮಗ್ಗಿ ಕಲಿತಂತೆ ಅಲ್ಲಿನ ಮಕ್ಕಳು ಈ ಸಂಖ್ಯೆಗಳನ್ನು ಬಾಯಿಪಾಠ ಮಾಡುತ್ತಿದ್ದರು.

ಬಿಬಿಸಿ ಮೈಕ್ರೋದ ಬೇಸಿಕ್ ಬರೆದವರು ಸೋಫಿ ವಿಲ್ಸನ್. ಇವರೂ ಸ್ಟೀವ್ ಫರ್ಬರ್ ಅವರೂ ಮುಂದೆ 1985ರಲ್ಲಿ ರೂಪಿಸಿದ ಆರ್ಮ್ ಪ್ರೊಸೆಸರ್‌ನ ವಂಶದವೇ ಇಂದು ನಮ್ಮ ಮೊಬೈಲುಗಳಲ್ಲಿ ಇರುವುದು. ವಿಲ್ಸನ್ ಅವರ ಬೇಸಿಕ್‌ನಲ್ಲಿ ಪೀಕ್, ಪೋಕ್ ಎಂಬ ಪದಗಳಿಲ್ಲ. ಅವುಗಳ ಬದಲು ಒಂದು ಪ್ರಶ್ನಾರ್ಥಕ ಚಿಹ್ನೆ. ?31744=65 ಎಂದು ಬರೆದರೆ ಪೋಕ್; ಮುದ್ರಿಸುವ ಆಜ್ಞೆಯ ಮುಂದೆ ?31744 ಎಂದರೆ ಪೀಕ್. ಯಂತ್ರ ಆಗತಾನೆ ಹೊತ್ತಿಕೊಂಡಾಗ 31744 ಎಂಬುದು ಪರದೆಯ ಎಡತುದಿಯ ಮೊದಲ ಮನೆ. 65 ಎಂಬುದು ಇಂಗ್ಲಿಷಿನ 'ಎ' ಅಕ್ಷರದ ಸಂಖ್ಯೆ. ಮುದ್ರಿಸು ಎಂದು ಹೇಳದೆಯೇ ಮೂಲೆಯಲ್ಲಿ 'ಎ' ಮೂಡುತ್ತಿತ್ತು. ಇದಲ್ಲದೆ ನಾಲ್ಕು ಸ್ಲೇಟುಗಳನ್ನು ಒಟ್ಟಿಗೆ ಓದಲು ಆಶ್ಚರ್ಯಸೂಚಕ ಚಿಹ್ನೆ, ಅಕ್ಷರಗಳ ಸಾಲನ್ನು ಓದಲು ಡಾಲರ್ ಚಿಹ್ನೆ.

ತರಬೇತಿಯಲ್ಲಿ ಈ ಭಾಗವನ್ನು ಅರ್ಧ ಗಂಟೆಯಲ್ಲಿ ಮುಗಿಸಿ, "ಇದನ್ನು ಮಕ್ಕಳಿಗೆ ಹೇಳಬೇಡಿ, ಯಂತ್ರ ಸುಟ್ಟುಹೋದೀತು" ಎಂದಿದ್ದರು. ಆ ಭಯಕ್ಕೆ ಎಲ್ಲೋ ಒಂದು ಬೇರು ಇತ್ತು. ಕೊಮೊಡೋರ್ ಕಂಪನಿಯ ಪೆಟ್ ಎಂಬ ಹಳೆಯ ಯಂತ್ರದಲ್ಲಿ 59458ನೆಯ ಸ್ಥಾನಕ್ಕೆ ಒಂದು ಸಂಖ್ಯೆ ಬರೆದರೆ ಪರದೆಗೆ ಬರಹ ಬೇಗ ಮೂಡುತ್ತಿತ್ತು. ಅದೇ ಆಜ್ಞೆ ಅದರ ಹೊಸ ಮಾದರಿಗಳ ಪರದೆಯನ್ನು ಹಾಳುಮಾಡಬಲ್ಲದಾಗಿತ್ತು. ನಮ್ಮ ಯಂತ್ರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಅರೆಬರೆ ತಿಳಿದವನಿಗೆ ಭಯವೇ ಜ್ಞಾನ.

ಇನ್ನು ಆ ದಿನದ ಸಂಗತಿ. 1988ರಲ್ಲಿ ಒಂಬತ್ತನೆಯ ತರಗತಿಯ ಪರೀಕ್ಷೆಯ ಅಂಕಗಳನ್ನು ಯಂತ್ರದಲ್ಲಿ ಹಾಕಿ ಮುಖ್ಯೋಪಾಧ್ಯಾಯರಿಗೆ ತೋರಿಸಬೇಕೆಂಬ ಉತ್ಸಾಹ ನನಗೆ. ಬೆಳಗಿನಿಂದ ಒಬ್ಬನೇ ಕುಳಿತು ಎಲ್ಲರ ಹೆಸರು, ಅಂಕಗಳನ್ನು ಬೆರಳಚ್ಚು ಮಾಡಿದ್ದೆ. ಕ್ಯಾಸೆಟ್ಟಿಗೆ ತುಂಬಿಸುವುದು ಬಾಕಿ ಇತ್ತು. ಊಟದ ಗಂಟೆ ಹೊಡೆಯಿತೆಂದು ಎದ್ದುಹೋದೆ. ಬಾಗಿಲಿಗೆ ಬೀಗ ಹಾಕಲಿಲ್ಲ.

ಹಳೇಬೀಡಿನ ಕಡೆಯ ಒಂದು ಹಳ್ಳಿಯಿಂದ ಬಂದು, ನಮ್ಮೂರಿನ ನೆಂಟರ ಮನೆಯಲ್ಲಿದ್ದು ಓದುತ್ತಿದ್ದ ಒಬ್ಬ ಹುಡುಗನಿದ್ದ. ಮಾತು ಕಡಿಮೆ. ಯಂತ್ರದ ಜೊತೆ ಬಂದ ಇಂಗ್ಲಿಷ್ ಕೈಪಿಡಿಯನ್ನು ನಿಘಂಟು ಇಟ್ಟುಕೊಂಡು ಓದುತ್ತಿದ್ದವನು ಶಾಲೆಯಲ್ಲಿ ಅವನೊಬ್ಬನೇ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ಅಂದು ಅವನು ಪ್ರಶ್ನಾರ್ಥಕ ಚಿಹ್ನೆಯಿಂದ ಪರದೆಯಲ್ಲಿ ಅಕ್ಷರ ಮೂಡಿಸಿ, ಸ್ಲೇಟಿನ ಸಾಲಿನ ಕೊನೆಯಲ್ಲಿ ಏನಿದೆ ನೋಡೋಣ ಎಂದು ಮುಂದೆ ಮುಂದೆ ಬರೆಯುತ್ತ ಹೋಗಿದ್ದಾನೆ. 65024ರ ಆಸುಪಾಸಿನಲ್ಲಿರುವುವು ಸ್ಲೇಟುಗಳಲ್ಲ, ರೈಲ್ವೆ ಕ್ಯಾಬಿನ್ನಿನ ಲಿವರುಗಳಿದ್ದಂತೆ. ಪರದೆಯನ್ನೂ ಕೀಲಿಮಣೆಯನ್ನೂ ನಡೆಸುವ ಚಿಪ್‌ಗಳಿಗೆ ಅಲ್ಲಿಂದಲೇ ಆಜ್ಞೆ ಹೋಗುವುದು. ಪರದೆ ಕದಡಿತು. ಅವನು ಬ್ರೇಕ್ ಎಂಬ ಕೀಲಿಯನ್ನು ಒತ್ತಿದ. ಪರದೆ ಸರಿಯಾಯಿತು, ಆದರೆ ನನ್ನ ಪಟ್ಟಿ ಕಾಣಲಿಲ್ಲ.

ಅಷ್ಟರಲ್ಲಿ ನಾನು ಬಂದೆ. ಹಿಂದೆ ನಾಲ್ಕಾರು ಹುಡುಗರು. ನನ್ನ ಮುಖ ನೋಡಿ ಅವನು ನಡುಗುತ್ತಲೇ, "ಹೋಗಿಲ್ಲ ಸಾರ್, ಒಳಗೇ ಇದೆ ಸಾರ್" ಎಂದ. ಮುದ್ರಿಸುವ ಆಜ್ಞೆ ಬರೆದು, ಡಾಲರ್ ಚಿಹ್ನೆ ಹಾಕಿ, 3588 ಎಂದು ಒತ್ತಿದ. ಒಂದು ಅರ್ಥವಿಲ್ಲದ ಗುರುತು, ಅದರ ಪಕ್ಕದಲ್ಲಿ ಹಾಜರಿ ಪುಸ್ತಕದ ಮೊದಲ ವಿದ್ಯಾರ್ಥಿಯ ಹೆಸರು, ಅಂಕಗಳು. ಕಣ್ಣೆದುರು ಕಂಡರೂ ನನಗೆ ಕಾಣಲಿಲ್ಲ. ಇನ್ನೂ ಕೆಡಿಸುತ್ತಿದ್ದಾನೆ ಎಂದುಕೊಂಡು, "ಮುಟ್ಟಬೇಡ ಎಂದಿರಲಿಲ್ಲವೇ!" ಎಂದು ಗದರಿ, ಗೋಡೆಯ ಸ್ವಿಚ್ಚನ್ನು ಆರಿಸಿಬಿಟ್ಟೆ. ಅವನನ್ನು ಹೊರಗೆ ಕಳುಹಿಸಿ, ನಾಳೆ ತಂದೆಯನ್ನು ಕರೆದುಕೊಂಡು ಬಾ ಎಂದೆ.

ರಾತ್ರಿ ಮನೆಯಲ್ಲಿ ಆ ಕೈಪಿಡಿಯನ್ನು ತೆರೆದೆ. 'ಓಲ್ಡ್' ಎಂಬ ಮೂರಕ್ಷರದ ಆಜ್ಞೆಯೊಂದು ಅದರಲ್ಲಿತ್ತು. ಅದು ಕೆಲಸ ಮಾಡುವ ಬಗೆ ಹೀಗೆ. ನಮ್ಮ ಯಂತ್ರದಲ್ಲಿ ಬರೆದ ಪ್ರೋಗ್ರಾಂ 3584ನೆಯ ಸ್ಲೇಟಿನಿಂದ ಶುರುವಾಗುತ್ತಿತ್ತು. ಬ್ರೇಕ್ ಒತ್ತಿದಾಗ ಯಂತ್ರ ಎಲ್ಲವನ್ನೂ ಒರೆಸುವುದಿಲ್ಲ. 3585ನೆಯ ಸ್ಲೇಟಿನಲ್ಲಿ 255 ಎಂದು ಬರೆಯುತ್ತದೆ. 'ಇಲ್ಲಿಗೆ ಮುಗಿಯಿತು' ಎಂಬುದಕ್ಕೆ ಅದು ಗುರುತು. ಮುಂದಿನ ಪುಟಗಳೆಲ್ಲ ಹಾಗೇ ಇದ್ದರೂ ಯಂತ್ರ ಅವನ್ನು ತೆರೆದು ನೋಡುವುದಿಲ್ಲ. ಓಲ್ಡ್ ಎಂದರೆ ಆ 255ನ್ನು ಒರೆಸಿ ಸೊನ್ನೆ ಬರೆದು, ಪ್ರೋಗ್ರಾಮಿನ ಕೊನೆಯನ್ನು ಹೊಸದಾಗಿ ಹುಡುಕಿಕೊಳ್ಳುತ್ತದೆ. ಪಟ್ಟಿ ಪೂರ್ತಿ ಮರಳುತ್ತದೆ. ಆದರೆ ವಿದ್ಯುತ್ ಹೋದರೆ ಎಲ್ಲ ಸ್ಲೇಟುಗಳೂ ಹೋದವು. ಅಂದರೆ ಹುಡುಗ ಹೇಳಿದ್ದು ಅಕ್ಷರಶಃ ನಿಜ. ಅಂಕಪಟ್ಟಿಯನ್ನು ಅಳಿಸಿದ್ದು ಅವನ ಪ್ರಶ್ನಾರ್ಥಕ ಚಿಹ್ನೆಯಲ್ಲ, ನನ್ನ ಕೈ.

ಮರುದಿನ ಅವನ ತಂದೆ ಬಂದರು. ತೆಂಗಿನ ತೋಟದಲ್ಲಿ ಕೂಲಿ ಮಾಡುವವರು. ಅಂದಿನ ಕೂಲಿ ಬಿಟ್ಟು, ಬಸ್ಸಿನ ಖರ್ಚು ಮಾಡಿಕೊಂಡು ಬಂದು, ಸ್ಟಾಫ್ ರೂಮಿನ ಹೊರಗೆ ಟವೆಲನ್ನು ಕೈಯಲ್ಲಿ ಹಿಡಿದು ನಿಂತಿದ್ದರು. "ಹುಡುಗ ತಪ್ಪು ಮಾಡವ್ನೆ ಮೇಷ್ಟ್ರೇ, ದೊಡ್ಡ ಮನಸ್ಸು ಮಾಡ್ಬೇಕು" ಎಂದರು. ಹುಡುಗ ನೆಲ ನೋಡುತ್ತಿದ್ದ. ನನಗೆ ಆಗಲೇ ನಿಜ ಗೊತ್ತಿತ್ತು. ಹೇಳಲಿಲ್ಲ. ಸಹೋದ್ಯೋಗಿಗಳು ಕುಳಿತಿದ್ದರು, ಕಂಪ್ಯೂಟರ್ ಮೇಷ್ಟ್ರಿಗೆ ಕಂಪ್ಯೂಟರ್ ಬಾರದು ಎಂದು ಹೇಗೆ ಹೇಳುವುದು? "ಹೋಗಲಿ ಬಿಡಿ, ಇನ್ನು ಮುಂದೆ ಅವನು ಆ ಕೋಣೆಗೆ ಬರುವುದು ಬೇಡ" ಎಂದೆ. ದೊಡ್ಡ ಮನಸ್ಸು ಮಾಡಿದವನಂತೆ ಹೇಳಿದೆ. ಅವನು ಮತ್ತೆ ಬರಲಿಲ್ಲ. ಕೈಪಿಡಿಯನ್ನು ಓದುವವರು ಯಾರೂ ಉಳಿಯಲಿಲ್ಲ.

ಆ ಯಂತ್ರಗಳ ಕಾಲ ಬೇಗ ಮುಗಿಯಿತು. 1993ರಲ್ಲಿ ಯೋಜನೆ ಹೊಸ ರೂಪ ತಳೆದಾಗ ಬಿಬಿಸಿ ಮೈಕ್ರೋಗಳನ್ನು ಕೈಬಿಡಲಾಯಿತು. ಪೀಕ್, ಪೋಕ್‌ಗಳೂ ಮನೆಯ ಕಂಪ್ಯೂಟರುಗಳಿಂದ ಮರೆಯಾದವು. ಅದಕ್ಕೆ ಸರಿಯಾದ ಕಾರಣವೇ ಇದೆ. ಇಂದಿನ ಯಂತ್ರದಲ್ಲಿ ನೂರಾರು ಕೆಲಸಗಳು ಏಕಕಾಲಕ್ಕೆ ನಡೆಯುತ್ತವೆ. ಬ್ಯಾಂಕಿನ ವ್ಯವಹಾರವೂ ಅಲ್ಲೇ. ಒಂದು ಪ್ರೋಗ್ರಾಂ ಇನ್ನೊಂದರ ಸ್ಲೇಟನ್ನು ಮುಟ್ಟದಂತೆ ಯಂತ್ರವೇ ಗೋಡೆ ಕಟ್ಟುತ್ತದೆ. ಆ ಗೋಡೆ ಬೇಕು. ಆದರೆ ಒಳಗೆ ಏನಿದೆ ಎಂದು ಇಣುಕುವ ಮಗುವಿಗೂ ಒಂದು ಕಿಟಕಿ ಬೇಕು. 2012ರಲ್ಲಿ ಕೇಂಬ್ರಿಜ್‌ನವರೇ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಪುಟ್ಟ ಕಂಪ್ಯೂಟರನ್ನು ಮಕ್ಕಳಿಗಾಗಿ ಹೊರತಂದರು. ಅದರ ಮಾದರಿಗಳಿಗೆ ಹಳೆಯ ಬಿಬಿಸಿ ಮೈಕ್ರೋದ ಹಾಗೆಯೇ 'ಎ', 'ಬಿ' ಎಂದು ಹೆಸರಿಟ್ಟದ್ದು ಆ ಕಿಟಕಿಯ ನೆನಪಿಗೇ.

ಆ ಹುಡುಗ ಹತ್ತನೆಯ ತರಗತಿಯ ನಂತರ ಓದು ಬಿಟ್ಟು ಹಾಸನದ ಕಡೆ ಕೆಲಸಕ್ಕೆ ಹೋದ ಎಂದಷ್ಟೇ ಜಂಕ್ಷನ್ನಿನಲ್ಲಿ ಸಿಕ್ಕ ಗೆಳೆಯನಿಗೆ ಗೊತ್ತಿತ್ತು. ಓದು ಬಿಡಲು ಮನೆಯ ಕಷ್ಟವೇ ಕಾರಣವಿದ್ದೀತು; ಎಲ್ಲವನ್ನೂ ನನ್ನ ತಲೆಗೆ ಕಟ್ಟಿಕೊಳ್ಳುವುದೂ ಒಂದು ಬಗೆಯ ಅಹಂಕಾರ. ಆದರೆ ನನ್ನ ಪಾಲಿನದನ್ನು ಒಪ್ಪಿಕೊಳ್ಳಬೇಕು.

1988ರ ಒಂಬತ್ತನೆಯ ತರಗತಿಯ ಎಲ್ಲರಿಗೂ ಹೇಳುತ್ತಿದ್ದೇನೆ: ಅಂದು ಮಾರ್ಕ್ಸ್ ಲಿಸ್ಟ್ ಅಳಿಸಿದವನು ಅವನಲ್ಲ, ನಾನು. ಅವನ ಹೆಸರನ್ನು ಇಲ್ಲಿ ಬರೆದಿಲ್ಲ. ನಿಮಗೆಲ್ಲ ಗೊತ್ತೇ ಇದೆ. ಯಾರಿಗಾದರೂ ಅವನ ವಿಳಾಸ ತಿಳಿದಿದ್ದರೆ ನನಗೆ ತಿಳಿಸಿ. ಅವನು ಬರಬೇಕಾಗಿಲ್ಲ, ನಾನೇ ಹೋಗಿ ಬರುತ್ತೇನೆ. ಅವನ ತಂದೆ ಇದ್ದರೆ ಅವರನ್ನೂ ಕಾಣಬೇಕು.